ಅಪ್ಪನಿಗೆ ಕೇಳಿಸಬೇಕಾದ ವಿಡಿಯೊ

"ನಿನ್ನ ದನಿಗೆ ಮೈಕ್ ಬೇಕಾಗಿಲ್ಲ ಬಿಡೋ."

ಪ್ರಾಥಮಿಕ ಶಾಲೆಯಲ್ಲಿ ನಮ್ಮ ಗುರುಗಳು ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಅದು ನನ್ನ ಜಾತಕದಲ್ಲೇ ಬರೆದ ಸಾಲೆಂದು ನಂಬಿ ಬೆಳೆದೆ. ಧ್ವಜವಂದನೆಯ ದಿನ ಸ್ವಾಗತ ನಾನೇ, ವಂದನಾರ್ಪಣೆ ನಾನೇ, ನಡುವೆ ಯಾರಾದರೂ ಭಾಷಣ ಮರೆತು ನಿಂತರೆ ಅದನ್ನು ಪೂರ್ತಿಗೊಳಿಸುವವನೂ ನಾನೇ. ಈಗ ಕನ್ನಡದಲ್ಲಿ ಎಂ.ಎ. ಮುಗಿಸಿ, ಎರಡು ಬಗೆಯ ಅಗ್ಗದ ಮೈಕುಗಳನ್ನು ಕೊಂಡು, ಎರಡರ ಮುಂದೆಯೂ ಸೋತ ಮೇಲೆ, ಆ ಮಾತನ್ನು ಮರುವಿಚಾರಣೆಗೆ ಎತ್ತಿಕೊಂಡಿದ್ದೇನೆ. ಗುರುಗಳು ನನ್ನನ್ನು ಹೊಗಳಿದ್ದರೇ? ಶಾಲೆಗೆ ಮೈಕಿನ ಬಾಡಿಗೆ ಉಳಿಸಿದ್ದರೇ? ಅಥವಾ, ಈ ಹುಡುಗನ ಕೈಗೆ ಒಮ್ಮೆ ಮೈಕ್ ಹೋದರೆ ತಿರುಗಿ ಬರುವುದಿಲ್ಲವೆಂದು ಅಂದೇ ಗ್ರಹಿಸಿದ್ದರೇ?

ಉತ್ತರ ಕೇಳಲು ಗುರುಗಳು ಈಗ ಊರಲ್ಲಿಲ್ಲ. ದನಿಯ ವಿಚಾರದಲ್ಲಿ ನನಗೆ ಫಜೀತಿಗಳು ಮಾತ್ರ ತಪ್ಪಿದ್ದಿಲ್ಲ. ಒಂದರ ನಾಚಿಕೆ ಆರುವ ಮೊದಲೇ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ. ಕಳೆದ ಮಳೆಗಾಲದಿಂದ ದೀಪಾವಳಿಯವರೆಗಿನ ಕೆಲವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಕರಾರು

ನಮ್ಮ ಮನೆ ದಾಂಡೇಲಿಯಲ್ಲಿ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಲ್ಲಿಯ ಕಾಗದದ ಮಿಲ್ಲು ಸೇರಿದವರು. ಎಂ.ಎ. ಮುಗಿಸಿ ನಾನು ಊರಿಗೆ ಮರಳಿದಾಗ ನನ್ನ ಎದೆಯಲ್ಲೊಂದು ಮಹಾಸಂಕಲ್ಪವಿತ್ತು. ಕನ್ನಡದ ಕಾವ್ಯವನ್ನೂ ಕಥೆಯನ್ನೂ ವಿಡಿಯೊಗಳ ಮೂಲಕ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮನೆಮನೆಗೆ ಮುಟ್ಟಿಸಬೇಕು. ಮನೆಮನೆಗೆ ಎಂದ ಮೇಲೆ ಮೊದಲ ಮನೆ ನಮ್ಮದೇ ಆಗಬೇಕಷ್ಟೆ. ಹಳಗನ್ನಡ ಕಾವ್ಯದ ಮಹತ್ತ್ವ ಕುರಿತು ಮೊಬೈಲಿನಲ್ಲಿ ಚಿತ್ರೀಕರಿಸಿದ ಮೊದಲ ವಿಡಿಯೊವನ್ನು ಅಪ್ಪನ ಕೈಗಿತ್ತೆ.

ಅಪ್ಪನ ಎಡಗಿವಿ ಕೊಂಚ ಮಂದ. ಹುಡುಗರಿದ್ದಾಗ ಊರ ಬಾವಿಗೆ ಹಾರಿ ಹಾರಿ ಕಿವಿಗೆ ನೀರು ಹೊಕ್ಕಿತ್ತಂತೆ. ಅವರು ಮೊಬೈಲನ್ನು ಬಲಗಿವಿಗೆ ಹಿಡಿದು, ದೂರದ ಬಂಧುಗಳ ಫೋನು ಬಂದಾಗ ಕುಳಿತಂತೆ ಗಂಭೀರವಾಗಿ ಕುಳಿತರು. ಹದಿನಾಲ್ಕು ನಿಮಿಷ ಹಾಗೆಯೇ ಕುಳಿತು, ಕೊನೆಗೆ ಮೊಬೈಲನ್ನು ಹಿಂದಿರುಗಿಸಿದರು.

"ಕೇಳಸಲಿಲ್ಲಪಾ."

"ಯಾವ ಭಾಗ ಕೇಳಸಲಿಲ್ಲರಿ?"

"ಇಡೀ."

ನಾನು ದನಿ ಸಣ್ಣದಾಯಿತೆಂದೂ ಉಪಕರಣ ಸಾಲದೆಂದೂ ವಿವರಿಸಿದೆ. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ತೀರ್ಪು ಕೊಟ್ಟರು.

"ದೀಪಾವಳಿ ತನಕಾ ಟೈಮ್ ಐತಿ ನಿನಗ. ನನಗ ಮೊದಲಿಂದ ಕಡೀತನಕಾ ಕೇಳಸೂವಂಥಾದ್ದು ಒಂದ ಒಂದು ವಿಡಿಯೋ ಮಾಡು. ಮಾಡಿದಿ, ಇನ್ನೊಂದು ವರ್ಷ ನಿನ್ನ ತಂಟೇಕ ಬರಂಗಿಲ್ಲ. ಆಗಲಿಲ್ಲಾ, ಸುಮ್ಮನ ಬಿ.ಎಡ್. ಅರ್ಜಿ ತುಂಬು."

ಆ ದಿನಗಳಲ್ಲಿ ಬಿ.ಎಡ್. ಎಂಬ ಎರಡಕ್ಷರ ಕಿವಿಗೆ ಬಿದ್ದರೆ ನನಗೆ ಊಟ ರುಚಿಸುತ್ತಿರಲಿಲ್ಲ. ಸಾಹಿತ್ಯಸಾಗರದಲ್ಲಿ ಈಜಬೇಕಾದವನು ಹಾಜರಿ ಪುಸ್ತಕದಲ್ಲಿ ಮುಳುಗುವುದೇ? ನಾನು ಉತ್ತರ ಕೊಡುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ, ಒಗ್ಗರಣೆಯ ಸದ್ದಿನ ನಡುವೆ, ತನ್ನಷ್ಟಕ್ಕೆಂಬಂತೆ ಹೇಳಿದಳು: "ಅರ್ಜಿಗೆ ಬೇಕಾಗೂ ಫೋಟೋ ತಗದಿಟ್ಟೇನ್ರಿ."

"ಚೊಲೋ ಆತು" ಎಂದರು ಅಪ್ಪ. ಅಷ್ಟು ಮಾತ್ರ ಅವರಿಗೆ ಗೋಡೆಯ ಆಚೆಯಿಂದಲೂ ಕೇಳಿಸಿತ್ತು.

ತಾಜಾ ಕೀಲಿ

ಮೊಬೈಲಿನ ಬಾಯಿಂದ ದೂರ ಕುಳಿತದ್ದೇ ತಪ್ಪಾಯಿತೆಂದು ತಿಳಿದು, ಅಂಗಿಯ ಕಾಲರಿಗೆ ಸಿಕ್ಕಿಸುವ ಒಂದು ಮೈಕ್ ತರಿಸಿದೆ. ಅದು ಬಂದ ಮೇಲೆ ನಮ್ಮ ಮನೆಯಲ್ಲಿ ಇಷ್ಟು ಸದ್ದುಗಳಿವೆಯೆಂಬುದು ಬೆಳಕಿಗೆ ಬಂತು. ಫ್ಯಾನಿನ ಗರಗರ, ನಲ್ಲಿಯ ತೊಟತೊಟ, ಫ್ರಿಜ್ಜಿನ ಗುಂಯ್ ಎಂಬ ಅಖಂಡ ಶ್ರುತಿ. ನನ್ನ ಉಪನ್ಯಾಸದಲ್ಲಿ ವಿರಾಮವಿತ್ತು. ಫ್ರಿಜ್ಜಿಗೆ ಅದೂ ಇರಲಿಲ್ಲ.

ಫ್ರಿಜ್ ಬಂದ್ ಮಾಡಿ ರೆಕಾರ್ಡ್ ಮಾಡಿರಿ, ಆದರೆ ತಿರುಗಿ ಹಚ್ಚುವುದನ್ನು ಮರೆಯದಿರಲು ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿರಿ ಎಂದು ಯಾರೋ ಬಲ್ಲವರು ವಿಡಿಯೊ ಒಂದರಲ್ಲಿ ಹೇಳಿದ್ದರು. ಹೊರಗೆ ಹೊರಟಾಗ ಕೀಲಿ ಹುಡುಕುತ್ತೀರಿ, ಫ್ರಿಜ್ ತೆಗೆಯುತ್ತೀರಿ, ನೆನಪಾಗುತ್ತದೆ. ಉಪಾಯದ ಸರಳತೆಗೆ ನಾನು ತಲೆದೂಗಿದೆ. ಮರುದಿನ ಮಧ್ಯಾಹ್ನ ಅವ್ವ ಎದುರುಮನೆಗೆ ಹೋಗಿದ್ದಾಗ, ಅಪ್ಪ ಒಳಗೆ ಮಲಗಿದ್ದಾಗ, ಫ್ರಿಜ್ ಬಂದ್ ಮಾಡಿ, ಅಪ್ಪನ ಸ್ಕೂಟರಿನ ಕೀಲಿಯನ್ನು ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಇಟ್ಟು, ಇಪ್ಪತ್ತು ನಿಮಿಷ ಮಾತಾಡಿದೆ. ಆಮೇಲೆ ಹಿತ್ತಲಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡು ನನ್ನ ದನಿಯನ್ನು ನಾನೇ ಆಲಿಸುತ್ತ ಮೈಮರೆತೆ.

ಅಂದು ಅಪ್ಪನಿಗೆ ಎರಡನೇ ಪಾಳಿ. ಹೊರಡುವ ಹೊತ್ತಿಗೆ ಕೀಲಿ ಇಲ್ಲ. ಅಪ್ಪ ಗೂಟ ನೋಡಿದರು, ಅಂಗಿಯ ಕಿಸೆ ನೋಡಿದರು. ನಾನೂ ಪಿತೃಭಕ್ತಿಯಿಂದ ಮಂಚದ ಕೆಳಗೆ ಹೊಕ್ಕು ಹುಡುಕಿದೆ. ಕೀಲಿ ಎಲ್ಲಿದೆಯೆಂದು ಮನೆಯಲ್ಲಿ ಬಲ್ಲ ಒಬ್ಬನೇ ಒಬ್ಬ ವ್ಯಕ್ತಿ, ಇಟ್ಟದ್ದನ್ನೇ ಮರೆತು, ಧೂಳು ಹಿಡಿದ ಮೊಣಕಾಲಿನಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಹುಡುಕುತ್ತಿದ್ದ. ಮಿಲ್ಲಿನ ಭೋಂಗಾ ಕೂಗಿತು. ಅಪ್ಪ ಡಬ್ಬಿ ಹಿಡಿದು ಬಿಸಿಲಲ್ಲಿ ಓಡುನಡಿಗೆಯಲ್ಲಿ ಹೊರಟರು.

ಉಪಾಯದ ಸೂಕ್ಷ್ಮ ನನಗೆ ಸಂಜೆ ಹೊಳೆಯಿತು. ಫ್ರಿಜ್ ಮರೆಯುವವನೂ ಕೀಲಿ ಹುಡುಕುವವನೂ ಒಬ್ಬನೇ ಆಗಿರಬೇಕು. ನನಗೆ ಗಾಡಿಯೇ ಇರಲಿಲ್ಲ.

ಚಹಾಕ್ಕೆ ಹಾಲು ತೆಗೆಯಲು ಹೋದ ಅವ್ವ ಪಾತ್ರೆಯನ್ನು ಮೂಗಿಗೆ ಹಿಡಿದು ನೋಡಿ, ಆಮೇಲೆ ಎರಡು ಬೆರಳಲ್ಲಿ ಕೀಲಿಯನ್ನೆತ್ತಿ ನನ್ನ ಮುಂದೆ ತೂಗಿದಳು.

"ಹಾಲು ಕೆಟ್ಟೈತಿ. ಕೀಲಿ ಮಾತ್ರ ತಾಜಾ ಐತಿ ನೋಡು."

ಪಾಳಿ ಮುಗಿಸಿ ಬಂದ ಅಪ್ಪನಿಗೆ ಕೀಲಿಯನ್ನೂ ವಿಡಿಯೊವನ್ನೂ ಒಟ್ಟಿಗೇ ಒಪ್ಪಿಸಿದೆ. ಅವರು ಎರಡನ್ನೂ ನೋಡಿದರು. "ಕೇಳಸಲಿಲ್ಲಪಾ" ಎಂದರು.

ಏಳು ಕೌದಿ

ಮುಂದಿನ ಶತ್ರು ಪ್ರತಿಧ್ವನಿ. ನಮ್ಮ ಮುಂದಿನ ಕೋಣೆಯ ಬರಿಗೋಡೆಗಳು ನಾನು ಒಂದು ಸಲ ಹೇಳಿದ್ದನ್ನು ತಮ್ಮ ಕಡೆಯಿಂದಲೂ ಒಂದು ಸಲ ಹೇಳುತ್ತಿದ್ದವು. ಸ್ಟುಡಿಯೊದವರು ಗೋಡೆಗೆ ಮೆತ್ತುವ ಸ್ಪಂಜು ನನ್ನ ಕೈಗೆ ನಿಲುಕುವಂಥದ್ದಲ್ಲ. ಆದರೆ ನಮ್ಮ ಕಡೆ ಕೌದಿ ಇದೆಯಲ್ಲ! ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಒತ್ತಾಗಿ ಹೊಲಿದ ಹೊದಿಕೆ. ಅದರೊಳಗೆ ಹೊಕ್ಕ ಸದ್ದು ಬೆಳಗಾಗುವ ತನಕ ಏಳಲಾರದು. ನಮ್ಮಲ್ಲಿ ಎರಡಿದ್ದವು. ಇನ್ನೈದನ್ನು ಸಾಲಿನ ಮನೆಗಳಲ್ಲಿ ಕೇಳಿ ಹೊತ್ತು ತಂದೆ. ಏತಕ್ಕೆಂದು ಹೇಳಲಿಲ್ಲ. ನನ್ನ ಕಾರ್ಯಯೋಜನೆಯನ್ನು ಮುಂಚಿತವಾಗಿ ಪ್ರಕಟಿಸುವುದು ಸಂಶೋಧಕನಿಗೆ ತರವಲ್ಲವೆಂದು ನಂಬಿದ್ದೆ.

ಒಂದು ಮನೆಗೆ ಐದು ಕೌದಿ ಹೋದರೆ ಅದರ ಅರ್ಥವನ್ನು ನಮ್ಮ ಸಾಲಿನವರು ಕೇಳಿ ತಿಳಿಯಬೇಕಾಗಿರಲಿಲ್ಲ. ಮನೆಯಲ್ಲಿ ಓದು ಮುಗಿದ ಗಂಡುಮಗನಿದ್ದಾನೆ. ಉಳಿದುಕೊಳ್ಳುವಷ್ಟು ಮಂದಿ ಬರುತ್ತಿದ್ದಾರೆ. ಅಂದ ಮೇಲೆ ಹೆಣ್ಣಿನ ಕಡೆಯವರೇ. ಸಂಜೆ ನಾಲ್ಕಕ್ಕೆ ಎದುರುಮನೆಯ ಚಿಕ್ಕಮ್ಮ, ನಮ್ಮೆಲ್ಲರ ಕಾಕು, ಹೊಸ ಸೀರೆ ಉಟ್ಟು, ಒಂದು ತಾಟು ಶಂಕರಪಾಳಿ ಹಿಡಿದು, ಹಿಂದೆ ಇನ್ನಿಬ್ಬರನ್ನು ಕರೆದುಕೊಂಡು ಬಂದರು.

"ಬೀಗರು ಬಂದ್ರೇನ್ರಿ?" ಎಂದು ಪಿಸುಗುಟ್ಟಿದರು.

ಅವ್ವ ಕಕ್ಕಾಬಿಕ್ಕಿ. "ಯಾವ ಬೀಗರು?"

ಒಳಗಿನಿಂದ ಗಂಡುದನಿಯೊಂದು ಕೇಳಿಸುತ್ತಿತ್ತು. ಕಾಕು ಅರ್ಥಗರ್ಭಿತವಾಗಿ ನಕ್ಕು ಬಾಗಿಲು ಸರಿಸಿದರು. ಕೋಣೆಯ ನಡುವೆ ಹಗ್ಗಕ್ಕೆ ಕೌದಿಗಳು ತೂಗಿದ್ದವು. ಒಂದನ್ನು ಸರಿಸಿದರು, ಇನ್ನೊಂದು. ಅದನ್ನು ಸರಿಸಿದರು, ಮತ್ತೊಂದು. ಎಲ್ಲಕ್ಕಿಂತ ಒಳಗೆ, ಏಳನೆಯ ಕೌದಿಯನ್ನು ತಲೆಯ ಮೇಲಿಂದ ಹೊದ್ದು, ಬೆವರು ಸುರಿಸುತ್ತ, ಒಬ್ಬನೇ ಕುಳಿತು ನಾನು ಮೊಬೈಲಿಗೆ ಹೇಳುತ್ತಿದ್ದೆ: "ಆದ್ದರಿಂದ ಸಹೃದಯರೇ, ವಿರಹದ ತಾಪವೆಂಬುದು…"

ಕಾಕು ನನ್ನ ಹಣೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, ಬಹಳ ಮೆಲ್ಲಗೆ, ಬಹಳ ಅಂತಃಕರಣದಿಂದ ಹೇಳಿದರು:

"ಬೀಗರು ಬರೂಕಿಂತ ಮೊದಲ ಒಮ್ಮೆ ಡಾಕ್ಟರಿಗೆ ತೋರಸ್ರಿ ಅಕ್ಕಾರ. ಜ್ವರಾ ನೆತ್ತಿಗೇರ್ಯಾವ."

ವಿಷಯ ತಿಳಿದ ಮೇಲೆ ನಕ್ಕು ಶಂಕರಪಾಳಿಯನ್ನು ಅಲ್ಲೇ ಬಿಟ್ಟುಹೋದರೆಂಬುದೊಂದೇ ಸಮಾಧಾನ. ಹೋಗುವಾಗ ತಮ್ಮ ಮನೆಯದೇ ಆದ ಆ ದಪ್ಪನೆಯ ಏಳನೆಯ ಕೌದಿಯನ್ನು ಸವರಿ ಹೇಳಿದರು. "ಇದನ್ನ ಹೊಲದಾಕಿ ಮುಂಡಗೋಡದ ಕಡೆ ಸಿದ್ದಿ ಮಂದ್ಯಾಗಿನ ಒಬ್ಬಾಕಿ ಅಜ್ಜಿ. ಸನವಳ್ಳಿಯಾಗಿನ ನನ್ನ ತಂಗಿಗೂ ಗುರ್ತು ಅದಾಳ. ಭಾಳ ಚಂದ ಕತಿ ಹೇಳ್ತಾಳ. ನೀ ವಿಡಿಯೋ ಮಾಡೂದಿದ್ರ ಆಕೀದ ಮಾಡು."

ನಾನು ಆ ಸಲಹೆಯನ್ನು ಅಡಿಟಿಪ್ಪಣಿಯಂತೆ ಎಲ್ಲೋ ಕೆಳಗೆ ಬರೆದಿಟ್ಟುಕೊಂಡೆ. ಅಪ್ಪ ಕೌದಿಯೊಳಗಿನ ಉಪನ್ಯಾಸವನ್ನೂ ಬಲಗಿವಿಗೆ ಹಿಡಿದು ಕೇಳಿದರು. ತೀರ್ಪು ಬದಲಾಗಲಿಲ್ಲ.

ಪುಕ್ಕಟೆ ಶುದ್ಧೀಕರಣ

ಬೇಡದ ಸದ್ದನ್ನು ತಾನೇ ಗುರುತಿಸಿ ಅಳಿಸುವ ಪುಕ್ಕಟೆ ಆ್ಯಪ್ ಒಂದನ್ನು ಇಳಿಸಿಕೊಂಡೆ. ಆ ಬೆಳಿಗ್ಗೆ ಮುದ್ರಿಸಿದ ಹೊಸ ಉಪನ್ಯಾಸವನ್ನು ಅದಕ್ಕೆ ಉಣಿಸಿದೆ. ಅದು ಬಹಳ ಹೊತ್ತು ಜಗಿದು ತಿರುಗಿ ಕೊಟ್ಟದ್ದರಲ್ಲಿ ಅವ್ವನ ಕುಕ್ಕರಿನ ಮೂರು ಸೀಟಿಗಳಿದ್ದವು, ಸ್ಪಷ್ಟವಾಗಿ. ಹಿತ್ತಲ ಕಾಗೆಯೊಂದಿತ್ತು. ನಾನಿರಲಿಲ್ಲ.

ಅವ್ವ ಕೇಳಿ, "ಯಂತ್ರಕ್ಕ ಎಷ್ಟ ಬುದ್ಧಿ ಬಂದೈತಿ ನೋಡು ಈಗ" ಎಂದಳು.

ನನ್ನ ಜೀವನದ ಅತ್ಯಂತ ಸ್ವಚ್ಛ ಧ್ವನಿಮುದ್ರಣ

ಮನೆಯೊಳಗೆ ಸೋತವನು ಹೊರಗೆ ಗೆಲ್ಲಬಹುದೆಂದು ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೋದೆ. ಅಲ್ಲಿ ಕಾಳಿನದಿಯಲ್ಲಿ ಪ್ರವಾಸಿಗರಿಗೆ ರಾಫ್ಟಿಂಗ್ ಮಾಡಿಸುವ ಗೈಡ್ ಒಬ್ಬ ನನಗೆ ಪರಿಚಿತ. ನೀರಿನ ಜೊತೆಗಿನ ಅವನ ಬದುಕನ್ನು ಅವನ ಮಾತಿನಲ್ಲೇ ದಾಖಲಿಸಬೇಕೆಂಬುದು ಉದ್ದೇಶ. ಈ ಸಲ ನನ್ನ ಬಳಿ ತಂತಿಯಿಲ್ಲದ ಪುಟ್ಟ ಮೈಕ್ ಇತ್ತು. ನದಿಯ ಗಾಳಿ ಹೊಕ್ಕರೆ ಭುಸುಗುಡುತ್ತದೆಂದು ಅಪ್ಪನ ಹಳೆಯ ಮಂಕಿಟೋಪಿಯ ಮೇಲಿನ ಉಣ್ಣೆಯ ಗೊಂಡೆಯನ್ನು ಕತ್ತರಿಸಿ ಅದಕ್ಕೆ ತೊಡಿಸಿದ್ದೆ.

ಗೈಡನ ಲೈಫ್‌ಜಾಕೆಟ್ಟಿಗೆ ಗೊಂಡೆಯನ್ನು ಸಿಕ್ಕಿಸಿ ಮೊದಲ ಪ್ರಶ್ನೆ ಕೇಳಿದೆ. "ಪ್ರವಹಿಸುವ ಜಲರಾಶಿಯ ಸಾನ್ನಿಧ್ಯದಲ್ಲಿ ದಿನವೂ ಬಾಳುವ ತಾವು, ಆ ಪ್ರವಾಹವನ್ನು ನಿಮ್ಮ ಅಸ್ತಿತ್ವದ ರೂಪಕವಾಗಿ ಗ್ರಹಿಸುತ್ತೀರೋ, ಅಥವಾ ಅದರೊಂದಿಗಿನ ನಿರಂತರ ಸಂಘರ್ಷದಲ್ಲಿ…" ಪ್ರಶ್ನೆ ಇನ್ನೂ ಬಹಳಷ್ಟು ಇತ್ತು.

ಅವನು ಕೊನೆಯವರೆಗೂ ನನ್ನ ಮುಖವನ್ನೇ ನೋಡಿ, "ಹೌದು" ಎಂದ.

ಹೀಗೆ ಐದು ಪ್ರಶ್ನೆಗಳಿಗೆ ಅವನು ಮೂರು 'ಹೌದು', ಎರಡು 'ಹಾಗೇ ಸರ್' ಕೊಟ್ಟ. ಆಮೇಲೆ ಚಹಾ ಕುಡಿದು ಬರುತ್ತೇನೆಂದು ಪಕ್ಕದ ಹೋಮ್‌ಸ್ಟೇಯ ಅಡುಗೆಮನೆಗೆ ಹೋದ. ಮೈಕ್ ಅವನ ಎದೆಯ ಮೇಲೇ ಇತ್ತು. ಮೊಬೈಲ್ ನನ್ನ ಕೈಯಲ್ಲಿ ಮುದ್ರಿಸಿಕೊಳ್ಳುತ್ತಲೇ ಇತ್ತು.

ಮನೆಗೆ ಬಂದು ಇಯರ್‌ಫೋನ್ ಹಾಕಿ ಕೇಳಿದರೆ ರೋಮಾಂಚನ! ಹೋಮ್‌ಸ್ಟೇಯ ಯಜಮಾನ ಕೊಂಕಣಿಯಲ್ಲಿ ಏನೋ ವಿಚಾರಿಸುತ್ತಾನೆ. ಲೋಟ ಇಟ್ಟ ಸದ್ದು ಕೂಡ ಕೇಳುತ್ತದೆ. ಗೈಡನ ಉತ್ತರ ಕನ್ನಡದಲ್ಲಿ, ಒಂದೊಂದು ಅಕ್ಷರವೂ ಮುತ್ತು ಪೋಣಿಸಿದಂತೆ: "ಆ ಸರ್ ಒಂದು ಪ್ರಶ್ನೆ ಮುಗಿಸೂದ್ರೊಳಗೆ ಒಂದು ಬೋಟ್ ಹೋಗಿ ವಾಪಸ್ ಬರ್ತದೆ ಮಾರಾಯ. ಪ್ರಶ್ನೆ ಎಲ್ಲಿ ಶುರುವಾಗಿತ್ತು ಅಂತ ಅವ್ರಿಗೂ ನೆನಪಿರೂದಿಲ್ಲ. ಪಾಪ, ಒಳ್ಳೆ ಮನ್ಷ. ಅದಕ್ಕೇ ಹೌದು ಹೌದು ಅಂದುಬಿಟ್ಟೆ."

ಆ ದನಿಯ ಸ್ವಚ್ಛತೆಗೆ ಮಾರುಹೋಗಿ ಮೂರು ಸಲ ಕೇಳಿದೆ. ಮೈಕ್ ಬಾಯಿಗೆ ಹತ್ತಿರವಿದ್ದರೆ ಫಲಿತಾಂಶ ಅದ್ಭುತ ಎಂದು ಟಿಪ್ಪಣಿ ಮಾಡಿಕೊಂಡೆ. ಅವನು ಹೇಳಿದ್ದು ನನ್ನ ಬಗ್ಗೆ ಎಂಬುದು ನಾಲ್ಕನೆಯ ಸಲಕ್ಕೆ ತಿಳಿಯಿತು. ಟಿಪ್ಪಣಿಯನ್ನು ಮಾತ್ರ ತಿದ್ದಲಿಲ್ಲ.

ದೋಟಿ ಹಿಡಿದವನ ಹೂಂಕಾರ

ದೀಪಾವಳಿಗೆ ಆರು ದಿನ ಉಳಿದಾಗ ಅಡಿಟಿಪ್ಪಣಿ ನೆನಪಾಯಿತು. ಕಾಕುವಿನ ತಂಗಿಯ ಮುಖಾಂತರ ಹೇಳಿಸಿ, ಬಸ್ಸು ಹಿಡಿದು, ಸನವಳ್ಳಿ ದಾಟಿ ಅಜ್ಜಿಯ ಹಳ್ಳಿಗೆ ಹೋದೆ. ಅಜ್ಜಿ ಗದ್ದೆಯ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಒಂದು ಕೌದಿಯ ಅಂಚು ಹೊಲಿಯುತ್ತ ಕುಳಿತಿದ್ದರು. ಸುತ್ತ ಸೊಸೆ, ಮೊಮ್ಮಕ್ಕಳು, ನೆರೆಯ ನಾಲ್ಕಾರು ಹೆಂಗಸರು.

"ಕತಿ ಹೇಳಾಕ ನಾ ತಯಾರ. ಆದ್ರ ದಿನಕ್ಕ ಒಂದ. ಅದೂ ಒಂದ ಸಲ" ಎಂದರು ಅಜ್ಜಿ. "ಎರಡನೇ ಸಲ ಹೇಳಿದ್ರ ಕತೀಗೆ ಬ್ಯಾಸರ ಆಕ್ಕೈತಿ."

ಒಂದೇ ಅವಕಾಶ. ಅಷ್ಟು ದಿನದ ಅನುಭವವನ್ನೆಲ್ಲ ಧಾರೆಯೆರೆದೆ. ಕೋಳಿಗಳನ್ನು ಹಿತ್ತಲಿಗೆ ಕಳಿಸಿದೆ. ಕರುವನ್ನು ದೂರ ಕಟ್ಟಿಸಿದೆ. ಹೆಂಗಸರಿಗೆ ಕೈಮುಗಿದು ಬಳೆ ಸದ್ದಾಗದಂತೆ ಕೈ ಕಟ್ಟಿ ಕುಳಿತುಕೊಳ್ಳಲು ವಿನಂತಿಸಿದೆ. ಸೆರಗಿಗೆ ಮೈಕ್ ಸಿಕ್ಕಿಸಿದರೆ ಹೊಲಿಗೆಯ ಕೈ ಆಡಿದಂತೆಲ್ಲ ಅದು ಉಜ್ಜಿ ಕೆರಕೆರ ಎನ್ನುತ್ತಿತ್ತು. ಅಂಗಳದ ಮೂಲೆಯಲ್ಲಿ, ಗಿಡದಿಂದ ಹಣ್ಣು ಇಳಿಸುವ ಉದ್ದ ಕೋಲು, ದೋಟಿ, ಒರಗಿಸಿದ್ದರು. ಮೊಬೈಲನ್ನು ಕಟ್ಟೆಯ ಮೇಲೆ ನಿಲ್ಲಿಸಿ, ದೋಟಿಯ ಕೊಕ್ಕೆಗೆ ಗೊಂಡೆ ಸಮೇತ ಮೈಕ್ ಕಟ್ಟಿ, ಕೈ ಸೋಲದಿರಲೆಂದು ಕೊಕ್ಕೆಯ ಹತ್ತಿರವೇ ಹಿಡಿದು, ಅಜ್ಜಿಯ ತಲೆಯ ಮೇಲೆ ಮೊಳದಷ್ಟು ಅಂತರದಲ್ಲಿ ತೂಗಿಸಿ ನಿಂತೆ.

ಅಜ್ಜಿ ಕತ್ತೆತ್ತಿ ನೋಡಿದರು. "ಏನ್ ಕೆಡವಾಕತ್ತೀಯೋ ತಮ್ಮಾ ನನ್ನ ತಲೀ ಮ್ಯಾಲಿಂದ?"

"ನಿಮ್ಮ ದನಿ ಹಿಡೀತೇನ್ರಿ ಅಜ್ಜಿ. ಯಾರೂ ತುಟಿ ಬಿಚ್ಚಬ್ಯಾಡ್ರಿ. ಹೂಂ, ಶುರು ಮಾಡ್ರಿ."

"ಒಂದೂರಾಗ ಒಬ್ಬಾಕಿ ಮುದಿಕಿ ಇದ್ಲು" ಎಂದು ಅಜ್ಜಿ ನಿಲ್ಲಿಸಿದರು.

ನಾನು ಕಾಯ್ದೆ. ಅಜ್ಜಿಯೂ ಕಾಯ್ದರು.

"ಮುದಿಕಿ ಇದ್ಲು" ಎಂದರು ಮತ್ತೊಮ್ಮೆ, ತುಸು ಗಟ್ಟಿಯಾಗಿ.

ನಾನು ಮುಂದುವರಿಸಿರೆಂದು ಕಣ್ಣಲ್ಲೇ ಬೇಡಿಕೊಂಡೆ. ಅಜ್ಜಿ ಸೂಜಿಯನ್ನು ಕೌದಿಗೆ ಚುಚ್ಚಿ ಕೈ ಕೆಳಗಿಟ್ಟರು.

"ಯಾರೂ ಹೂಂ ಅನ್ನಂಗಿಲ್ಲೇನು? ಕತಿ ಕೇಳೂ ಮಂದಿ ಅದೀರೋ, ಕಲ್ಲ ಕುಂತಾವೋ? ಹೂಂ ಇಲ್ದ ಕತಿ ಮುಂದ ಹೋಗೂದು ಹೆಂಗ?"

ಎಂ.ಎ.ದಲ್ಲಿ ಜನಪದ ಕಥನದ ಬಗ್ಗೆ ನಾನು ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಕೇಳುವವನು ಹೂಂಗುಟ್ಟದಿದ್ದರೆ ಹೇಳುವವಳು ಮುಂದುವರಿಯುವುದಿಲ್ಲವೆಂಬ ಸಂಗತಿ ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿತ್ತು. ತುಟಿ ಬಿಚ್ಚಬೇಡಿರೆಂದು ನಾನು ಅವರಿಗೆಲ್ಲ ಆಣೆ ಹಾಕಿದ್ದೆನಾದ್ದರಿಂದ ಯಾರೂ ಅಲುಗಲಿಲ್ಲ. ಕೊನೆಗೆ ಆ ಹೊಣೆಯನ್ನು ನಾನೇ ಹೊತ್ತೆ.

"ಹೂಂ" ಎಂದೆ.

ಕತೆ ಹೊರಟಿತು. ಮುದುಕಿ ಕುಂಬಳದ ಬೀಜ ಊರಿದಳು. ಹೂಂ. ಬಳ್ಳಿ ಬೆಳೆದು ಪಕ್ಕದ ಗೌಡನ ಮಾಳಿಗೆ ಹತ್ತಿತು. ಹೂಂ! ಮಾಳಿಗೆಯ ಮೇಲೆ ಕಾಯಿ ಬಿಟ್ಟಿತು, ಕಾಯಿ ನನ್ನದೆಂದ ಗೌಡ. ಹೂಂ, ಆಹಾ, ಎಂಥ ಸಂಘರ್ಷ! ಸಾಹಿತ್ಯದ ವಿದ್ಯಾರ್ಥಿ ಬರಿಯ ಹೂಂ ಎಂದು ನಿಲ್ಲಿಸಲಾದೀತೇ? ನಿಂತಿದ್ದ ನನ್ನ ಬಾಯಿಗೂ ದೋಟಿಯ ತುದಿಯ ಮೈಕಿಗೂ ಎಷ್ಟು ಅಂತರವಿತ್ತೆಂಬುದನ್ನು ನಾನು ಅಳೆಯಲಿಲ್ಲ. ಅಳೆದಿದ್ದರೆ, ಕುಳಿತ ಅಜ್ಜಿಯ ಬಾಯಿಗಿಂತ ನನ್ನದೇ ಅದಕ್ಕೆ ಹತ್ತಿರವೆಂದು ತಿಳಿಯುತ್ತಿತ್ತು.

ಕತೆ ಮುಗಿದಾಗ ಅಜ್ಜಿ ಮೆಚ್ಚಿಕೆಯಿಂದ ಹೇಳಿದರು: "ಹೂಂ ಚೊಲೋ ಅಂತೀ. ಒಂದೀಟು ಜಾಸ್ತಿ ಆತು. ಇರಲಿ, ಹೊಸಬ."

ಪ್ರದರ್ಶನ

ಹಬ್ಬದ ಹಿಂದಿನ ದಿನದ ಸಂಜೆ. ಗಡುವಿನ ಕೊನೆಯ ದಿನವೂ ಅದೇ. ಹೊಸ ಕೌದಿಯನ್ನು ಕಾಕುವಿಗೆ ಮುಟ್ಟಿಸಲು ಅಜ್ಜಿ ದಾಂಡೇಲಿಗೆ ಬಂದಿದ್ದರು, ಅವರನ್ನೂ ಕರೆತಂದೆ. ನಮ್ಮ ಮುಂದಿನ ಕೋಣೆಯಲ್ಲಿ ಅಪ್ಪ, ಅವ್ವ, ಕಾಕು, ಅಜ್ಜಿ, ಮತ್ತು ಅಪ್ಪನ ಪಾಳಿಯ ಗೆಳೆಯರೊಬ್ಬರು, ಬೆಳಗಾವಿ ಕಡೆಯವರು, ಟಿವಿಯ ಮುಂದೆ ಕುಳಿತರು. ಅಪ್ಪ ಬಲಗಿವಿ ಟಿವಿಯ ಕಡೆ ಬರುವಂತೆ ಕುರ್ಚಿ ತಿರುಗಿಸಿಕೊಂಡರು. ಬಿ.ಎಡ್. ಅರ್ಜಿಯ ಫೋಟೋಗಳು ಒಂದು ಪುಟ್ಟ ಲಕೋಟೆಯಲ್ಲಿ ಟಿವಿಯ ಪಕ್ಕದಲ್ಲೇ ಇದ್ದವು. ಯಾರು ಇಟ್ಟರೆಂದು ನಾನು ಕೇಳಲಿಲ್ಲ.

ಮೊದಲಿಗೆ ನನ್ನ ಪೀಠಿಕೆ. ಕೌದಿಗಳ ನಡುವೆ ಕುಳಿತು ಮುದ್ರಿಸಿದ್ದು, ಹನ್ನೊಂದು ನಿಮಿಷ. "ಜನಪದದ ಅಂತಃಸತ್ತ್ವವು ಮೌಖಿಕ ಪರಂಪರೆಯ ಅನುಸ್ಯೂತ ಪ್ರವಾಹದಲ್ಲಿ ಪ್ರತಿಫಲಿತಗೊಳ್ಳುವ ಬಗೆಯನ್ನು ಪರಾಮರ್ಶಿಸುವ ಪೂರ್ವದಲ್ಲಿ…" ಎಂದು ಟಿವಿಯೊಳಗಿನ ನಾನು ತೊಡಗಿದೆ. ಕಾಕು ಎದ್ದು ತಮ್ಮ ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದರು. ನಾನು ಇನ್ನೂ ಅದೇ ವಾಕ್ಯದಲ್ಲಿದ್ದೆ. ಅಪ್ಪನ ಗೆಳೆಯರು ಎರಡು ಸಲ ಆಕಳಿಸಿ, ಎರಡು ಸಲವೂ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಆಮೇಲೆ ತೆರೆಯ ಮೇಲೆ ಅಜ್ಜಿ ಬಂದರು. ಒಂದೂರಾಗ ಒಬ್ಬಾಕಿ ಮುದಿಕಿ ಇದ್ಲು. ಕೋಣೆಯಲ್ಲಿ ಕುರ್ಚಿಗಳು ಮುಂದಕ್ಕೆ ಸರಿದವು. ಗ್ರಾಮಸಭೆಯಲ್ಲಿ ಗೌಡ, "ಕಾಯಿ ನನ್ನ ಮಾಳಿಗಿ ಮ್ಯಾಲೈತಿ, ನಂದು" ಎಂದಾಗ, ಕತೆಯ ಮುದುಕಿ, "ಆತ್ರಿ ಗೌಡ್ರ. ಹಂಗಾರ ನಿಮ್ಮ ಮಾಳಿಗಿ ಬ್ಯಾಸಗಿ ಪೂರಾ ನನ್ನ ಬಳ್ಳಿ ನೆಳ್ಳಾಗ ಇತ್ತು. ನೆಳ್ಳಿನ ಬಾಡಗಿ ಕೊಟ್ಟು ಕಾಯಿ ಒಯ್ರಿ" ಎಂದಳು. ಅಪ್ಪ ಎಲ್ಲರಿಗಿಂತ ಮೊದಲು, ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಜ್ಜಿ ತಮ್ಮ ದನಿಯನ್ನು ತಾವೇ ಮೊದಲ ಸಲ ಕೇಳಿ, ಸೆರಗು ಬಾಯಿಗಿಟ್ಟು, "ಏ, ನಾ ಇಷ್ಟ ಚಂದ ಹೇಳ್ತೇನೇನು?" ಎಂದರು.

ವಿಡಿಯೊ ಮುಗಿಯಿತು. ಗೆಳೆಯರು ಗಂಟಲು ಸರಿಪಡಿಸಿಕೊಂಡರು.

"ಎಲ್ಲಾ ಝಕಾಸ್ ಐತಿ. ಆದ್ರ ನಡುನಡುವ ಒಂದು ಎಮ್ಮಿ ಒದರಾಕತ್ತಿತ್ತಲ್ಲ, ಅದನ್ನ ಒಂದೀಟು ದೂರ ಕಟ್ಟಬೇಕಾಗಿತ್ತು."

"ಅದು ಎಮ್ಮಿ ಅಲ್ಲರಿ" ಎಂದೆ. "ನಾನು."

ನಗೆ ಇಳಿಯುವ ತನಕ ತಾಳಿ, ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪಾ, ಕೇಳಿಸ್ತೇನ್ರಿ?"

"ಮೊದಲಿಂದ ಕಡೀತನಕಾ! ಬಾಡಗಿ ಕೇಳಿದ್ಲಲ್ಲ ಮುದಿಕಿ! ಹಂಗ ಆಗಬೇಕು ಆ ಗೌಡಗ."

ನನ್ನ ಎದೆ ಉಬ್ಬಿತು. ಮೈಕಿನ ಸ್ಥಾನ, ದೋಟಿಯ ಎತ್ತರ, ಗೊಂಡೆಯ ಮಹಿಮೆಗಳನ್ನು ಸಭೆಗೆ ವಿವರಿಸತೊಡಗಿದೆ. ಆಮೇಲೆ ಕೇಳಿದೆ: "ಹಂಗಾರ ನನ್ನ ಪೀಠಿಕಿನೂ ಕೇಳಿಸ್ತಲ್ಲರಿ?"

"ಕೇಳಿಸ್ತು."

"ನೋಡ್ರಿ! ಮೊದಲಿನ ವಿಡಿಯೋದಾಗ ಒಂದಕ್ಷರ ಕೇಳಿಸಿರಲಿಲ್ಲ. ಈಗ ಕೇಳಿಸ್ತು. ಅಂದ ಮ್ಯಾಲೆ ಈ ಮೈಕ್…"

ಅಪ್ಪ ಅವ್ವನ ಮುಖ ನೋಡಿದರು. "ಹೇಳಿಬಿಡ್ರಿ ಇನ್ನ" ಎಂದಳು ಅವ್ವ. "ಇಲ್ಲಾಂದ್ರ ಮೂರನೇ ಮೈಕ್ ತರಸ್ತಾನ."

"ಅದೂ ಕೇಳಿಸಿತ್ತಪಾ" ಎಂದರು ಅಪ್ಪ.

"ಯಾವುದರಿ?"

"ಎಲ್ಲಾನೂ. ಮೊದಲನೇದು, ಕೀಲಿ ಕಳದ ದಿನದ್ದು, ಕೌದಿ ಒಳಗಿಂದು. ಬಲಗಿವಿ ಚೊಲೋ ಐತಿ ನಂದು."

"ಮತ್ತ ಪ್ರತೀ ಸಲ ಕೇಳಸಲಿಲ್ಲ ಅಂದ್ರಿ?"

ಅಪ್ಪ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಮಿಲ್ಲಿನಲ್ಲಿ ಯಾರಿಗೂ ಹೆದರದ ಮನುಷ್ಯ, ನನ್ನನ್ನು ನೋಡದೆ ಹೇಳಿದರು. "ಎಂ.ಎ. ಕಲತ ಮಗಗ, ನೀ ಅಂದದ್ದು ಒಂದೂ ತಿಳೀಲಿಲ್ಲ ಅಂತ ಹೆಂಗ ಹೇಳಲಿ? ಬ್ಯಾಸರ ಮಾಡ್ಕೋತೀ ಅಂತ ಕಿವಿ ಮ್ಯಾಲೆ ಹಾಕಿದೆ."

ಕೋಣೆಯಲ್ಲಿ ಫ್ರಿಜ್ಜಿನ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಮೊದಲು ನಕ್ಕವರು ಕಾಕು. ಆಮೇಲೆ ಅಜ್ಜಿ, ಆಮೇಲೆ ಎಲ್ಲರೂ. ನನ್ನದು ಕೊನೆಗೆ ಹೊರಟು ಕೊನೆಗೆ ನಿಂತಿತು. ಅಪ್ಪ ಅವಸರದಿಂದ ಸಮಾಧಾನ ಹೇಳಿದರು: "ಕರಾರು ಅಂದ್ರ ಕರಾರ. ಕೇಳಸೂವಂಥಾ ವಿಡಿಯೋ ಮಾಡಿದಿ. ಇನ್ನೊಂದು ವರ್ಷ ಬಿ.ಎಡ್. ಮಾತ ಎತ್ತಂಗಿಲ್ಲ."

ನಾನು ನೆಟ್ಟಗೆ ನಿಂತೆ. ಅಭ್ಯಾಸಬಲದಿಂದ ಪೀಠಿಕೆಯೊಂದು ಗಂಟಲಿಗೆ ಬಂತು, ನುಂಗಿದೆ. ಎಲ್ಲರ ಮುಂದೆ, ಅಪ್ಪನ ಆ ಮಂದ ಎಡಗಿವಿಯ ಕಡೆಗೇ ನಿಂತು, ಹೇಳಿದೆ:

"ಇನ್ನ ಮುಂದ ವಿಡಿಯೋದಾಗ ನಾ ಮಾತಾಡಂಗಿಲ್ಲ. ಕತಿ ಅಜ್ಜಿ ಹೇಳ್ತಾರ, ನಾ ಮೈಕ್ ಹಿಡೀತೇನಿ, ಹೂಂ ಅನ್ನಾಕ ಅವರ ಮನಿ ಮಂದಿ ಅದಾರ. ಮತ್ತ ನಾಳೆ ನಾನ ಬಿ.ಎಡ್. ಅರ್ಜಿ ತುಂಬತೇನಿ. ಮಂದಿಗೆ ತಿಳಿಯೂವಂಗ ಮಾತಾಡೂದನ್ನ ಅಲ್ಲಿ ಕಲಸ್ತಾರಂತ."